ವಂಶದಲ್ಲಿ ಯಾರಿಗಾದರೂ ಇತ್ತೇ?

ಭೂಪಟದಲ್ಲಿ ನೋಡಿದರೆ ಮಿಸಿಸಿಪ್ಪಿ ನದಿ ಅಮೆರಿಕದ ನೆತ್ತಿಯಿಂದ ಬುಡದ ತನಕ ಚೊಂಬಿನಲ್ಲಿ ಹೊಯ್ದ ಹಾಗೆ ಇಳಿಯುತ್ತದೆ. ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಹತ್ತಿರ ಬಂದಾಗ ಮಾತ್ರ ಅದಕ್ಕೇನು ತೋಚುತ್ತದೋ, ನಿದ್ದೆಗಣ್ಣಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ ಹೊರಳಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ನಾವಿರುವುದು ಈ ಊರಿನಲ್ಲಿ. ನದಿಯಾಚೆಯ ಮೊಲೀನ್ ಟ್ರ್ಯಾಕ್ಟರುಗಳ ತವರು. ತಿಪಟೂರಿನ ನಮ್ಮ ತೋಟದಲ್ಲಿ ಒಂದು ದಿನವೂ ನೇಗಿಲು ಮುಟ್ಟದ ನಾನು ಇಲ್ಲಿ ಕೂತು ಟ್ರ್ಯಾಕ್ಟರಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಅಪ್ಪ ಬದುಕಿದ್ದಿದ್ದರೆ ಆ ಟ್ರ್ಯಾಕ್ಟರನ್ನು ಯಾರೂ ಕೊಳ್ಳದಂತೆ ನೋಡಿಕೊಳ್ಳುತ್ತಿದ್ದರು.

ಡ್ಯಾವೆನ್‌ಪೋರ್ಟಿನ ಇನ್ನೊಂದು ವಿಶೇಷವೆಂದರೆ, ಇಷ್ಟು ದೊಡ್ಡ ನದಿಯ ದಡದಲ್ಲಿದ್ದೂ ಊರು ಶಾಶ್ವತವಾದ ತಡೆಗೋಡೆ ಕಟ್ಟಿಕೊಂಡಿಲ್ಲ. ನದಿ ಕಣ್ಣಿಗೆ ಕಾಣುತ್ತಿರಲಿ ಅಂತ ಊರವರ ಆಸೆ. 2019ರ ಏಪ್ರಿಲ್ 30ರಂದು ತಾತ್ಕಾಲಿಕವಾಗಿ ಒಡ್ಡಿದ್ದ ತಡೆ ಒಡೆದು ಪೇಟೆಗೆಲ್ಲ ನೀರು ನುಗ್ಗಿತು. ಊರೆಲ್ಲ ಗಾಬರಿಬಿದ್ದು ಟಿ.ವಿ. ಮುಂದೆ ಕೂತಿದ್ದಾಗ ನನ್ನ ಹೆಂಡತಿ ಮಾತ್ರ ಬೆಡ್‌ಶೀಟ್ ಮಡಿಸುತ್ತ, "ಇದೇನು ಮಹಾ" ಅಂದಿದ್ದಳು. ತಡೆಗೋಡೆಯಿಲ್ಲದ ಊರಿನ ಅನುಭವ ಅವಳಿಗೆ ದಿನವೂ ಇತ್ತು.

ನಾನು ಹೇಳಹೊರಟ ಕತೆ ನಡೆದಾಗ ಮಗರಾಯನಿಗೆ ಹತ್ತು ತುಂಬಿತ್ತು. ವಾರದಲ್ಲಿ ನಾಲ್ಕೈದು ರಾತ್ರಿ ಹಾಸಿಗೆ ಒದ್ದೆ. ಹೆಂಡತಿ ಇದನ್ನು ಸಂಸಾರದ ಬೇರೆ ತಾಪತ್ರಯಗಳ ಜೊತೆ, ಅಂದರೆ ನನ್ನ ಜೊತೆ, ಸೇರಿಸಿಕೊಂಡು ಸದ್ದಿಲ್ಲದೆ ನಿಭಾಯಿಸುತ್ತಿದ್ದಳು. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಕವರು, ಅದರ ಮೇಲೆ ಶೀಟು, ಅದರ ಮೇಲೆ ಇನ್ನೊಂದು ಕವರು, ಮತ್ತೊಂದು ಶೀಟು. ನಡುರಾತ್ರಿ ಮೇಲಿನ ಪದರ ಎತ್ತಿದರೆ ಕೆಳಗಿನದು ತಯಾರು. ನಮ್ಮ ಮನೆಯಲ್ಲಿ ಚಿರೋಟಿಗೂ ಅಷ್ಟು ಪದರ ಬಂದದ್ದಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಮಗನ ಗೆಳೆಯನ ಹುಟ್ಟುಹಬ್ಬಕ್ಕೆ ಕರೆ ಬಂತು, ಎರಡೂವರೆ ತಿಂಗಳು ಮೊದಲೇ. ಇಲ್ಲಿ ಮುಂಜಿಗಿಂತ ಮುಂಚೆ ಸ್ಲೀಪ್‌ಓವರ್ ಅನ್ನುವ ಸಂಸ್ಕಾರವೊಂದು ನಡೆಯುತ್ತದೆ: ಎಂಟು ಹುಡುಗರು ಒಬ್ಬನ ಮನೆಯ ನೆಲಮಾಳಿಗೆಯಲ್ಲಿ ಚೀಲದೊಳಗೆ ತೂರಿಕೊಂಡು ರಾತ್ರಿಯೆಲ್ಲ ಮಲಗುವುದು. ಮಗ ಕಾರ್ಡನ್ನು ಟೇಬಲ್ ಮೇಲಿಟ್ಟು, "ನಾನು ಹೋಗಲ್ಲ. ನಂಗೆ ಕೇಕ್ ಇಷ್ಟ ಇಲ್ಲ" ಅಂದ. ಆಮೇಲೆ ಫ್ರಿಜ್ಜಿನಲ್ಲಿದ್ದ ಹಿಂದಿನ ದಿನದ ಕೇಕಿನ ಚೂರನ್ನು ತೆಗೆದು ತಿನ್ನುತ್ತ ಟಿ.ವಿ. ಹಾಕಿಕೊಂಡ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಕ್ಕಳ ಡಾಕ್ಟರಮ್ಮ ಒಳ್ಳೆಯವರು. ಸಂಜೆ ಮೇಲೆ ಎಷ್ಟು ನೀರು ಕುಡಿಯುತ್ತಾನೆ, ಗೊರಕೆ ಹೊಡೆಯುತ್ತಾನಾ, ಎರಡಕ್ಕೆ ದಿನವೂ ಹೋಗುತ್ತಾನಾ ಅಂತೆಲ್ಲ ಕೇಳಿದರು. ಮಲಬದ್ಧತೆ ಇದ್ದರೆ ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದಂತೆ. ಕೊನೆಗೆ ತಲೆ ಎತ್ತಿ, "ವಂಶದಲ್ಲಿ ಯಾರಿಗಾದರೂ ಇತ್ತೇ?" ಎಂದರು.

"ನಮ್ಮ ಕಡೆ ಯಾರಿಗೂ ಇಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹೆಂಡತಿಯ ಕಡೆ ಒಂದು ಸಲ ಸುಮ್ಮನೆ ನೋಡಿದೆ.

ಓದುಗರ ಹತ್ತಿರ ಮುಚ್ಚಿಡುವುದೇನು? ನಾನು ಎಂಟನೇ ಕ್ಲಾಸಿನ ತನಕ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದವನು. ಸೋದರಮಾವನ ಮದುವೆಯಲ್ಲಿ ಛತ್ರದ ಜಮಖಾನದ ಮೇಲೆ ಹನ್ನೆರಡು ಮಕ್ಕಳು ಸಾಲಾಗಿ ಮಲಗಿದ್ದೆವು. ಬೆಳಗಿನ ಜಾವ ಎಚ್ಚರವಾದಾಗ ಭೂಗೋಳ ಅರ್ಥವಾಗಿ, ಪಕ್ಕದಲ್ಲಿದ್ದ ಚಿಕ್ಕಮ್ಮನ ಎರಡು ವರ್ಷದ ಕೂಸನ್ನು ಮೆಲ್ಲಗೆ ನನ್ನ ಜಾಗಕ್ಕೆ ಎಳೆದು, ನಾನು ಅದರ ಜಾಗಕ್ಕೆ ಹೊರಳಿದೆ. ಆ ಕೂಸು ಈಗ ಹಾಸನದಲ್ಲಿ ವಕೀಲ. ಇವತ್ತಿಗೂ ಮದುವೆ ಮುಂಜಿಗಳಲ್ಲಿ ಅವನನ್ನು ಕಂಡರೆ ನಾನು ಕಂಬದ ಮರೆಗೆ ಸರಿಯುತ್ತೇನೆ. ನಮ್ಮ ಸಂಬಂಧ ಕುದುರುವಾಗ ಗೋತ್ರ ಕೇಳಿದರು, ನಕ್ಷತ್ರ ಕೇಳಿದರು, ಸಂಬಳ ಮೂರು ಸಲ ಕೇಳಿದರು. ಇದನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ನನ್ನ ಆ ಒಂದು ನೋಟದ ಪರಿಣಾಮ ಅಂದು ರಾತ್ರಿಯೇ ದಾವಣಗೆರೆಗೆ ಮುಟ್ಟಿತು. ಹೆಂಡತಿ ತಾಯಿಗೆ ಫೋನು ಮಾಡಿದಳು. ಅತ್ತೆ ತಮ್ಮ ಮೂವರು ಅಣ್ಣತಮ್ಮಂದಿರಿಗೆ ಮಾಡಿದರು. ಎಪ್ಪತ್ತು ದಾಟಿದ ಮೂರು ಜನ ಹಿರಿಯರು, ಒಬ್ಬರು ನಿವೃತ್ತ ಹೆಡ್‌ಮಾಸ್ಟರು, ಬಾಲ್ಯದ ರಾತ್ರಿಗಳ ಬಗ್ಗೆ ಒಡಹುಟ್ಟಿದವಳಿಗೆ ಹೇಳಿಕೆ ಕೊಡಬೇಕಾಯಿತು. ಎರಡನೆಯವರು, ಟೈಫಾಯಿಡ್ ಬಂದಾಗ ಒಂದೇ ಒಂದು ರಾತ್ರಿ ಹಾಗಾಗಿತ್ತು ಅಂತ ಒಪ್ಪಿಕೊಂಡರು. ಆ ಒಂದು ರಾತ್ರಿ ನಮ್ಮ ಮನೆಯ ಅಧಿಕೃತ ಕಾರಣವಾಯಿತು. ನಾನು ಉದಾರವಾಗಿ, "ಹೋಗ್ಲಿ ಬಿಡು, ಪಾಪ, ಜ್ವರದಲ್ಲಿ ಯಾರಿಗಾದ್ರೂ ಆಗತ್ತೆ" ಎಂದೆ.

ಡಾಕ್ಟರಮ್ಮ ಅಂಕಿ ಅಂಶ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಇದಿರುತ್ತದೆ. ಪ್ರತಿ ವರ್ಷ ಇಂಥವರಲ್ಲಿ ನೂರಕ್ಕೆ ಹದಿನೈದು ಮಂದಿಗೆ ತಾನಾಗಿ ನಿಂತುಹೋಗುತ್ತದೆ. ಹದಿನೈದನೇ ವಯಸ್ಸಿನ ಹೊತ್ತಿಗೆ 100ಕ್ಕೆ ಒಬ್ಬಿಬ್ಬರು ಉಳಿಯುತ್ತಾರೆ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವ ಹಾರ್ಮೋನೊಂದಿದೆ, ವ್ಯಾಸೋಪ್ರೆಸ್ಸಿನ್ ಅಂತ. ಕೆಲವು ಮಕ್ಕಳಲ್ಲಿ ಅದು ರಾತ್ರಿ ಏರಬೇಕಾದಷ್ಟು ಏರುವುದಿಲ್ಲ. ಮೂತ್ರಕೋಶ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಿದರೂ ಮಗು ಏಳುವುದಿಲ್ಲ. ಯಾರ ತಪ್ಪೂ ಅಲ್ಲ. ಹಾಸಿಗೆ ಅಲಾರಂ ಅಂತ ಒಂದಿದೆ, ಮೂರು ತಿಂಗಳು ತಾಳ್ಮೆ ಬೇಕು ಎಂದರು. ತಾಳ್ಮೆ ಅಂದ ಕೂಡಲೆ ನಾನು ಅವರು ಕೊಟ್ಟ ಚೀಟಿ ಮಡಿಸಿ ಜೇಬಿಗಿಟ್ಟೆ. ನಮ್ಮ ಬಳಿ ಇದ್ದದ್ದು ಹತ್ತು ವಾರ. ಅಲ್ಲದೆ ಕಾಶಿಯಲ್ಲಿ ಮನೆ ಮಾಡಿಕೊಂಡು ಗಂಗೆಗೆ ಟ್ಯಾಂಕರ್ ತರಿಸುವವನು ಎಲ್ಲಾದರೂ ಉಂಟೇ?

ಕಾಶಿ ಎಂದದ್ದು ಹುಡುಗಾಟಕ್ಕಲ್ಲ. ಬೆನ್ನು ಲಟಲಟ ಅನ್ನಿಸುವ ಕೈರೋಪ್ರಾಕ್ಟಿಕ್ ವಿದ್ಯೆ ಹುಟ್ಟಿದ್ದೇ ಡ್ಯಾವೆನ್‌ಪೋರ್ಟಿನಲ್ಲಿ. 1895ರ ಸೆಪ್ಟೆಂಬರ್ 18, ಡಿ.ಡಿ. ಪಾಮರ್ ಅನ್ನುವವನು ತನ್ನ ಕಟ್ಟಡದ ಜಾಡಮಾಲಿ ಹಾರ್ವಿ ಲಿಲರ್ಡನ ಬೆನ್ನಿನ ಮೂಳೆಯೊಂದನ್ನು ಒತ್ತಿದ; ಹದಿನೇಳು ವರ್ಷದಿಂದ ಕಿವುಡಾಗಿದ್ದ ಲಿಲರ್ಡನಿಗೆ ಕಿವಿ ಕೇಳಿಸಿತು ಎಂಬುದು ಸ್ಥಳಪುರಾಣ. ಶ್ರವಣದ ನರ ತಲೆಬುರುಡೆ ಬಿಟ್ಟು ಬೆನ್ನಿನ ಕಡೆ ಸುಳಿಯುವುದೇ ಇಲ್ಲ ಅಂತ ವೈದ್ಯರು ಅಂದಿನಿಂದ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಪಾಮರ್ ಅದಕ್ಕೆ ಮುಂಚೆ ದಿನಸಿ ಅಂಗಡಿ ನಡೆಸಿದವನು, ಚಿನ್ನದ ಮೀನು ಮಾರಿದವನು, ಆಮೇಲೆ ಒಂಬತ್ತು ವರ್ಷ ಅಯಸ್ಕಾಂತ ಚಿಕಿತ್ಸೆ ಮಾಡಿದವನು. ನೂರಕ್ಕೆ 95 ಕಾಯಿಲೆಗಳಿಗೆ ಜಾಗ ತಪ್ಪಿದ ಬೆನ್ನುಮೂಳೆಯೇ ಕಾರಣ ಅಂತ ಸಾರಿದ. 1906ರಲ್ಲಿ ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲು ನೋಡಿ ಬಂದ. ಮಗ ಬಿ.ಜೆ. ಪಾಮರ್ ಅಪ್ಪನಿಗಿಂತ ಗಟ್ಟಿಗ. ಶಾಲೆ ಬೆಳೆಸಿದ, ರೇಡಿಯೋ ಸ್ಟೇಷನ್ ನಡೆಸಿದ. ಆ ಡಬ್ಲ್ಯುಒಸಿ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಮುಂದೆ ದೇಶದ ಅಧ್ಯಕ್ಷನಾದ, ರೊನಾಲ್ಡ್ ರೇಗನ್. ಇಷ್ಟು ಮಹಿಮೆಯ ಊರಲ್ಲಿ ಒಂದು ಹಾಸಿಗೆ ಒಣಗುವುದಿಲ್ಲವೇ ಅಂತ ನನ್ನ ಲೆಕ್ಕ.

ನಾನು ಹೋದದ್ದು ಊರಾಚೆಯ ಪಿಜ್ಜಾ ಅಂಗಡಿ ಪಕ್ಕದ ಒಂದು ಸಣ್ಣ ಕ್ಲಿನಿಕ್ಕಿಗೆ. ಗಾಜಿನ ಮೇಲೆ ಬೆನ್ನುನೋವಿನಿಂದ ಶುರುವಾಗಿ ಉಬ್ಬಸ, ಕೂಸಿನ ಹೊಟ್ಟೆನೋವು, ಹಾಸಿಗೆ ಒದ್ದೆ ತನಕ ಪಟ್ಟಿ ಇತ್ತು. ಆತ ನಗುಮುಖದ ಯುವಕ. ಪ್ಲಾಸ್ಟಿಕ್ಕಿನ ಬೆನ್ನೆಲುಬನ್ನು ನಾಗರಹಾವಿನ ಹಾಗೆ ಕೈಯಲ್ಲಿ ಹಿಡಿದು, ಸೊಂಟದ ಕೆಳಗಿನ ತ್ರಿಕಾಸ್ಥಿಯಿಂದ ಹೊರಡುವ ನರಗಳೇ ಮೂತ್ರಕೋಶವನ್ನು ಆಳುತ್ತವೆ ಎಂದ. ಅಲ್ಲಿಗೆ ಅದು ನಿಜವೇ. ಅಲ್ಲಿಂದ ಮುಂದೆ ಆತ ಗದ್ದೆ ದಾಟಿ ಓಡಿದ: "ಮೂಳೆ ಸ್ವಲ್ಪ ಸರಿದು ನರವನ್ನು ಒತ್ತುತ್ತದೆ. ತೋಟದ ಪೈಪಿನ ಮೇಲೆ ಕಾಲಿಟ್ಟರೆ ನೀರು ನಿಲ್ಲುವುದಿಲ್ಲವೇ? ಹಾಗೆ."

ತೆಂಗಿನ ತೋಟದವನಾದ ನನಗೆ ಪೈಪಿನ ಮಾತು ಕೇಳಿ ಹೃದಯ ತುಂಬಿ ಬಂತು. ಹೆಂಡತಿ ಮೆಲ್ಲಗೆ ಕನ್ನಡದಲ್ಲಿ ಕೇಳಿದಳು: "ರೀ, ಪೈಪ್ ತುಳಿದ್ರೆ ನೀರು ನಿಲ್ಲತ್ತೆ ಅಂತಾನೆ. ನಮಗೆ ಬೇಕಾಗಿರೋದು ಅದೇ ಅಲ್ವಾ? ಇವನ್ಯಾಕೆ ಕಾಲು ತೆಗೀತೀನಿ ಅಂತಾನೆ?"

ನಾನು ವಿಜ್ಞಾನದ ನಡುವೆ ಬಾಯಿ ಹಾಕಬಾರದು ಅಂತ ಕಣ್ಣಲ್ಲೇ ಗದರಿಸಿ, ಇಪ್ಪತ್ತನಾಲ್ಕು ಭೇಟಿಯ ಪ್ಯಾಕೇಜಿಗೆ ಮುಂಗಡ ಹಣ ಕಟ್ಟಿದೆ. ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇತ್ತು, ಹಣ ವಾಪಸಿಲ್ಲ ಅನ್ನುವುದು ಸಣ್ಣಕ್ಷರದಲ್ಲಿ ಇತ್ತು. ಅಲ್ಲಿನ ಫಾರಂನಲ್ಲೂ ವಂಶದ ಪ್ರಶ್ನೆ ಬಂತು. ಎರಡನೇ ಸಲ ಸುಳ್ಳು ಹೇಳುವುದು ಮೊದಲನೆಯದಕ್ಕಿಂತ ಸುಲಭ, ಬರೀ ಒಂದು ಗೆರೆ ಎಳೆದರೆ ಸಾಕು.

ಆತ ಮಗನನ್ನು ಬೋರಲು ಮಲಗಿಸಿ ಎರಡು ಹಿಮ್ಮಡಿ ಜೋಡಿಸಿ ನೋಡಿ, ಎಡಗಾಲು ಒಂದು ಚೂರು ಗಿಡ್ಡ ಎಂದ. ಸ್ಪ್ರಿಂಗ್ ಹಾಕಿದ ಪೆನ್ನಿನಂಥದ್ದನ್ನು ಬೆನ್ನಿಗಿಟ್ಟು ಟಕ್, ಟಕ್, ಟಕ್ ಅನ್ನಿಸಿದ. ಮತ್ತೆ ಹಿಮ್ಮಡಿ ಜೋಡಿಸಿದ. ಕಾಲುಗಳು ಸರಿಸಮವಾಗಿದ್ದವು. ಮಗನಿಗೆ ಡೈನೋಸಾರ್ ಸ್ಟಿಕ್ಕರ್ ಸಿಕ್ಕಿತು. ಅವನಿಗೆ ನೋವೂ ಇಲ್ಲ, ಬೇಸರವೂ ಇಲ್ಲ. ಹೋಮ್‌ವರ್ಕ್ ಮಾಡುವುದಕ್ಕಿಂತ ಇದು ಮೇಲು ಅಂದ.

ಎರಡನೇ ವಾರ ಅಮ್ಮ ಆರು ತಿಂಗಳ ವೀಸಾದ ಮೇಲೆ ಬಂದಳು. ಬಂದ ದಿನವೇ, "ನನ್ನ ಮೊಮ್ಮಗನ ಕಾಲು ಗಿಡ್ಡ ಅಂದವನ್ಯಾವನೋ?" ಅಂತ ಶುರುಮಾಡಿದಳು. ವಿವರಿಸಿದೆ.

"ಅಂದ್ರೆ ಲಟಿಕೆ ತೆಗೆಯೋನು ಅನ್ನು. ನಮ್ಮ ಹಜಾಮರ ಅಂಗಡೀಲಿ ಕ್ಷೌರ ಆದ್ಮೇಲೆ ಕತ್ತು ತಿರುವಿ ಲಟಕ್ ಅನ್ಸೋರಲ್ಲ, ನಿಮ್ಮಪ್ಪನಿಗೆ? ಕಾಸೇ ಇಲ್ಲ."

"ಅದು ಅಪಾಯ ಅಮ್ಮ. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಬಹುದು."

"ಇವನು ಮಾಡಿದ್ರೆ ಆಗಲ್ವೋ?"

ಆಗಬಹುದು, ಅಪರೂಪಕ್ಕೆ. ಆದ್ದರಿಂದ ವಿಷಯ ಬದಲಾಯಿಸಿದೆ. ಅಮ್ಮನಿಗೆ ಮೂಳೆ ವೈದ್ಯರೆಂದರೆ ಅಸಡ್ಡೆಯೇನಿಲ್ಲ. ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಾಗ ಬೆಂಗಳೂರಿನಲ್ಲಿ ಪುತ್ತೂರು ಕಟ್ಟು ಹಾಕಿಸಿಕೊಂಡವಳು. "ಮುರಿದಿದ್ದಕ್ಕೆ ಕಟ್ಟು. ಮುರೀದೆ ಇರೋ ಮಗೂಗೆ ಯಾಕೆ?" ಎನ್ನುವುದು ಅವಳ ವಾದ. ಅವಳ ಪ್ರಕಾರ ಕಾರಣ ಸ್ಪಷ್ಟ: ಹುಡುಗ ಕೇಕಿನ ಮೇಲಿನ ಮೇಣದ ಬತ್ತಿ ಹಚ್ಚಿ ಆರಿಸಿ ಆಡುತ್ತಾನೆ, ಬೆಂಕಿ ಜೊತೆ ಆಡಿದವರು ರಾತ್ರಿ ಹಾಸಿಗೆ ನೆನೆಸುತ್ತಾರೆ. ಪರಿಹಾರ ಕರಿ ಎಳ್ಳು, ಬೆಲ್ಲ. ಎಳ್ಳುಂಡೆ ಕಟ್ಟಿ ಡಬ್ಬ ತುಂಬಿದಳು. ಮುಕ್ಕಾಲು ಡಬ್ಬ ನಾನೇ ಮುಗಿಸಿದೆ. ಆ ಲೆಕ್ಕದಲ್ಲಿ ನನಗೆ ಇನ್ನು ಈ ಜನ್ಮದಲ್ಲಿ ಮರುಕಳಿಸಲಾರದು.

ಲಟಿಕೆಯ ಸದ್ದಿನ ಬಗ್ಗೆ ಅಮ್ಮನಿಗೆ ಪಾಠ ಹೇಳಲು ಹೋಗಿ ಇನ್ನೊಮ್ಮೆ ಸಿಕ್ಕಿಬಿದ್ದೆ. ಕೀಲಿನೊಳಗಿನ ದ್ರವದಲ್ಲಿ ಹಠಾತ್ತನೆ ಅನಿಲದ ಗುಳ್ಳೆ ಹುಟ್ಟುವಾಗ ಆ ಶಬ್ದ ಬರುತ್ತದೆ, ಕೆನಡಾದಲ್ಲಿ 2015ರಲ್ಲಿ ಒಬ್ಬರ ಬೆರಳು ಎಳೆದು ಎಂಆರ್‌ಐಯಲ್ಲಿ ನೋಡಿದ್ದಾರೆ, ಮೂಳೆ ಜಾಗಕ್ಕೆ ಕೂತ ಸದ್ದಲ್ಲ ಎಂದೆ. "ಮತ್ತೆ ಗುಳ್ಳೆಗೆ ಯಾಕೆ ದುಡ್ಡು ಕೊಟ್ಟೆ?" ಎಂದಳು. ಕ್ಯಾಲಿಫೋರ್ನಿಯಾದ ಡೊನಾಲ್ಡ್ ಅಂಗರ್ ಎಂಬ ವೈದ್ಯರ ಕತೆ ಹೇಳಿ ಬಾಯಿ ಮುಚ್ಚಿಸೋಣ ಎನ್ನಿಸಿತು. ಲಟಿಕೆ ತೆಗೆದರೆ ಸಂಧಿವಾತ ಬರುತ್ತದೆ ಅಂತ ಅವರ ಅಮ್ಮ, ಚಿಕ್ಕಮ್ಮಂದಿರು, ಆಮೇಲೆ ಅತ್ತೆ ಹೆದರಿಸಿದ್ದರಂತೆ. ಆತ ಅರವತ್ತು ವರ್ಷ ಬರೀ ಎಡಗೈಯ ಲಟಿಕೆ ತೆಗೆದು, ಬಲಗೈಯನ್ನು ಹಾಗೇ ಬಿಟ್ಟು, ಎರಡೂ ಕೈ ಒಂದೇ ಸಮ ಇವೆ ಅಂತ ತೋರಿಸಿ 2009ರಲ್ಲಿ ಇಗ್ ನೊಬೆಲ್ ಪಡೆದರು. ಅಮ್ಮ ಪೂರ್ತಿ ಕೇಳಿ, "ಅಮ್ಮನ ಮಾತು ಸುಳ್ಳು ಮಾಡೋಕೆ ಅರವತ್ತು ವರ್ಷ! ಎಂಥ ಮಕ್ಕಳು ಹುಟ್ತವೆ" ಎಂದು ಒಳಗೆ ಹೋದಳು.

ನಾನು ಮಾತ್ರ ಎಕ್ಸೆಲ್ ಶೀಟು ತೆರೆದಿದ್ದೆ. ಒದ್ದೆ ರಾತ್ರಿಗೆ ನೀಲಿ, ಒಣ ರಾತ್ರಿಗೆ ಹಸಿರು. ಮೊದಲ ಹದಿನಾಲ್ಕು ರಾತ್ರಿಯಲ್ಲಿ ಒಂಬತ್ತು ನೀಲಿ. ಆರನೇ ವಾರದ ಹೊತ್ತಿಗೆ ಹದಿನಾಲ್ಕಕ್ಕೆ ಏಳು. ಗ್ರಾಫ್ ಎಳೆದು ಬಣ್ಣದಲ್ಲಿ ಮುದ್ರಿಸಿ ಫ್ರಿಜ್ಜಿಗೆ ಅಂಟಿಸಿದೆ. ಆಫೀಸಿನಲ್ಲಿ ಟ್ರ್ಯಾಕ್ಟರ್ ಇಂಧನದ ವರದಿಯ ನಡುವೆ ಆ ಹಾಳೆ ತಪ್ಪಿ ಸೇರಿಕೊಂಡು, ಮೀಟಿಂಗಿನಲ್ಲಿ ಮ್ಯಾನೇಜರು ಸೋರಿಕೆ ಇಳಿಮುಖವಾಗಿದೆಯಲ್ಲ ಅಂತ ಮೆಚ್ಚಿಕೊಂಡದ್ದೂ ಆಯಿತು.

ಹೆಮ್ಮೆ ತಾಳಲಾರದೆ ಸಂಶೋಧನೆಗಳನ್ನು ಹುಡುಕಿ ಓದಿದೆ. 1994ರಲ್ಲಿ 46 ಮಕ್ಕಳ ಮೇಲೆ ಹತ್ತು ವಾರ ಇದೇ ಚಿಕಿತ್ಸೆಯ ಪ್ರಯೋಗ ನಡೆದಿತ್ತು. ಚಿಕಿತ್ಸೆ ಪಡೆದ ಗುಂಪಿನಲ್ಲಿ ಎರಡು ವಾರಕ್ಕೆ ಸರಾಸರಿ 9.1 ಇದ್ದ ಒದ್ದೆ ರಾತ್ರಿಗಳು 7.6ಕ್ಕೆ ಇಳಿದಿದ್ದವು. ನನ್ನ ಎದೆಯುಬ್ಬಿತು: ನಮ್ಮದು ಏಳು! ಜಗತ್ತಿನ ಸಾಹಿತ್ಯಕ್ಕಿಂತ ಅರ್ಧ ಹಾಸಿಗೆ ಮುಂದೆ. ಹೆಂಡತಿ ಪಕ್ಕದಲ್ಲಿ ಕೂತು ಓದಿ, "ಅಂದ್ರೆ ಹತ್ತು ವಾರ ಬೆನ್ನು ಕುಟ್ಟಿಸಿಕೊಂಡ್ರೂ ಎರಡು ವಾರಕ್ಕೆ ಏಳೆಂಟು ರಾತ್ರಿ ಒದ್ದೆ. ಇದಕ್ಕೆ ವಾಸಿ ಅಂತಾರಾ?" ಎಂದಳು. ಪುಟ ತಿರುವಿದರೆ, ಇಂಥ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದ ಕಾಕ್ರೇನ್ ವಿಮರ್ಶೆಯವರೂ ಪುರಾವೆ ತೀರಾ ದುರ್ಬಲ ಅಂತ ಬರೆದಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿ, "ಆದ್ರೂ ನಮ್ಮ ಗ್ರಾಫ್ ಇಳೀತಿದೆಯಲ್ಲ?" ಅಂದೆ.

ಗ್ರಾಫ್ ಇಳಿದದ್ದು ಯಾಕೆ ಅಂತ ಗೊತ್ತಾದದ್ದು ಒಂದು ರಾತ್ರಿ ಹನ್ನೊಂದಕ್ಕೆ, ನಾನು ಎಳ್ಳುಂಡೆಗಾಗಿ ಕತ್ತಲಲ್ಲಿ ಅಡುಗೆಮನೆಗೆ ಹೊರಟಾಗ. ನಡುಮನೆಯಲ್ಲಿ ಎರಡು ನೆರಳು ನಡೆದುಬರುತ್ತಿದ್ದವು. ಮುಂದೆ ಶಾಲು ಹೊದ್ದ ಅಮ್ಮ, ಹಿಂದೆ ಕಣ್ಣು ಮುಚ್ಚಿಕೊಂಡೇ ನಡೆಯುವ ಮಗ.

"ಏನಮ್ಮ ಇದು?"

"ಒಂದಕ್ಕೆ ಎಬ್ಬಿಸಿಕೊಂಡು ಹೋಗಿದ್ದೆ. ಬಂದಾಗಿಂದ ಮಾಡ್ತಿದೀನಿ. ನಂಗೂ ಎಚ್ಚರ ಆಗತ್ತಲ್ಲ, ಒಂದೊಂದು ದಿನ ಆಗಲ್ಲ."

ಹಸಿರು ಚೌಕಗಳೆಲ್ಲ ಅಮ್ಮನಿಗೆ ಎಚ್ಚರವಾದ ರಾತ್ರಿಗಳು. ಇಪ್ಪತ್ತನಾಲ್ಕು ಭೇಟಿಯ ಪ್ಯಾಕೇಜು, ಸ್ಪ್ರಿಂಗ್ ಪೆನ್ನು, ಎಕ್ಸೆಲ್ಲಿನ ಎರಡು ಬಣ್ಣ ಎಲ್ಲವೂ ಸೇರಿ ಅಳೆಯುತ್ತಿದ್ದದ್ದು ಎಪ್ಪತ್ತೆರಡರ ಮುದುಕಿಯ ಮೂತ್ರಕೋಶವನ್ನು.

ಗಲಾಟೆಗೆ ಹೆಂಡತಿ ಎದ್ದು ಬಂದಳು. ನಾನು ಅಮ್ಮನ ಮೇಲೆಯೇ ರೇಗಿದೆ, ಪ್ರಯೋಗ ಕೆಡಿಸಿದೆ ಅಂತ. ಅಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು, "ನಿಂಗೂ ಹೀಗೇ ಎಬ್ಬಿಸ್ತಿರಲಿಲ್ವೇನೋ? ಮೀಸೆ ಮೂಡೋ ತನಕ ಎಬ್ಬಿಸಿದೀನಿ. ನಿಮ್ಮಪ್ಪನ ಪಂಚೆ ಒಗೆಯೋಕಿಂತ ನಿನ್ನ ಕೌದಿ ಒಗೆದಿದ್ದೇ ಹೆಚ್ಚು. ಈಗ ಮಗೂ ಬೆನ್ನು ಕುಟ್ಟಿಸ್ತಾನಂತೆ!" ಎಂದಳು.

ಫ್ರಿಜ್ಜಿನ ಸದ್ದೊಂದು ಬಿಟ್ಟರೆ ಮನೆ ನಿಶ್ಶಬ್ದ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ದಾವಣಗೆರೆಯ ಮೂವರು ಸೋದರಮಾವಂದಿರು ಸಾಲಾಗಿ ನಿಂತಿದ್ದರು, ಟೈಫಾಯಿಡ್ ಆದವರು ಮುಂದೆ.

"ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗೆ ಇದ್ರೆ ಮಕ್ಕಳಿಗೆ ನೂರಕ್ಕೆ ನಲವತ್ತನಾಲ್ಕು" ಎಂದಳು ತಣ್ಣಗೆ. "ಇಬ್ಬರಿಗೂ ಇಲ್ಲದಿದ್ರೆ ಹದಿನೈದು. ಡಾಕ್ಟರಮ್ಮ ಕೊಟ್ಟ ಚೀಟೀಲೇ ಇದೆ. ನಿಮ್ಮ ಜೇಬಲ್ಲಿ." ಡೆನ್ಮಾರ್ಕಿನವರು 1995ರಲ್ಲಿಯೇ ಇದರ ಜಾಡನ್ನು 13ನೇ ಕ್ರೋಮೋಸೋಮಿನಲ್ಲಿ ಹಿಡಿದಿದ್ದರು. ನಮ್ಮ ಮನೆಯಲ್ಲಿ ಹಿಡಿಯುವುದು ಸ್ವಲ್ಪ ತಡವಾಯಿತು.

ಅಷ್ಟರಲ್ಲಿ ಮಗ ಕಣ್ಣು ಬಿಟ್ಟಿದ್ದ. "ಅಪ್ಪಾ, ನಿಂಗೂ ಇತ್ತಾ? ಯಾವಾಗ ನಿಂತಿತು?"

"ಎಂಟನೇ ಕ್ಲಾಸಲ್ಲಿ."

ಅಮ್ಮ ಏನೋ ಹೇಳಲು ಹೋಗಿ ಸುಮ್ಮನಾದಳು. ಮಗ ಬೆರಳು ಮಡಿಸಿ ಎಣಿಸಿದ. "ನಾನೀಗ ಐದನೇ ಗ್ರೇಡು. ಹಾಗಾದ್ರೆ ನಂಗಿನ್ನೂ ಮೂರು ವರ್ಷ ಟೈಮ್ ಇದೆ!" ಎಂದು ನಿರಾಳವಾಗಿ ಹೋಗಿ ಮಲಗಿಬಿಟ್ಟ. ಹತ್ತು ವರ್ಷದಲ್ಲಿ ಅಪ್ಪನಿಂದ ಅವನಿಗೆ ಸಿಕ್ಕಿದ ಮೊದಲ ಉಪಯುಕ್ತ ಮಾಹಿತಿ.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆವು, ಈ ಸಲ ಮಾತೆಲ್ಲ ಹೆಂಡತಿಯದೇ. ಹುಟ್ಟುಹಬ್ಬದ ರಾತ್ರಿಗೆಂದು ಡೆಸ್ಮೋಪ್ರೆಸ್ಸಿನ್ ಮಾತ್ರೆ ಬರೆದುಕೊಟ್ಟು, ಅದನ್ನು ತೆಗೆದುಕೊಂಡ ಮೇಲೆ ನೀರು ಕುಡಿಯುವ ಹಾಗಿಲ್ಲ ಅಂತ ಎರಡೆರಡು ಸಲ ಹೇಳಿದರು. ಮಗ ಹೋಗಿ ಬಂದ. ಕೇಕೂ ತಿಂದ.

ಅಲಾರಂ ಕೂಡ ಮನೆಗೆ ಬಂತು. ಆಸ್ಟ್ರಿಯಾದ ಫೌಂಡ್ಲರ್ ಎಂಬ ಮಕ್ಕಳ ವೈದ್ಯ 1904ರಲ್ಲಿ ಹಾಸಿಗೆ ಒದ್ದೆಯಾದರೆ ಗಂಟೆ ಬಾರಿಸುವ ಯಂತ್ರ ಮಾಡಿದ್ದು ನರ್ಸುಗಳಿಗೆ ತಿಳಿಯಲಿ ಅಂತ. ಆಮೇಲೆ ನೋಡಿದರೆ ಮಕ್ಕಳಿಗೇ ಗುಣ ಕಾಣತೊಡಗಿತ್ತು. 1938ರಲ್ಲಿ ಮೌರರ್ ದಂಪತಿ ಅದನ್ನು ಚಿಕಿತ್ಸೆಯಾಗಿಯೇ ಮಾಡಿದರು. ನಮ್ಮ ಮನೆಯಲ್ಲಿ ಅದು ಮೊದಲ ತಿಂಗಳು ಫೌಂಡ್ಲರನ ಮೂಲ ಉದ್ದೇಶದಂತೆ ನರ್ಸುಗಳನ್ನು ಮಾತ್ರ ಎಬ್ಬಿಸಿತು. ಫೈರ್ ಎಂಜಿನ್ನಿನ ಹಾಗೆ ಅದು ಕೂಗಿದರೆ ನಾನು ಏಳುತ್ತಿದ್ದೆ, ಹೆಂಡತಿ ಏಳುತ್ತಿದ್ದಳು, ಅಮ್ಮ "ಯಾರ ಫೋನೋ" ಅನ್ನುತ್ತ ಏಳುತ್ತಿದ್ದಳು, ಪಕ್ಕದ ಮನೆಯ ನಾಯಿ ಏಳುತ್ತಿತ್ತು. ಮಗ ಗಂಟೆ ಕಟ್ಟಿಕೊಂಡ ಬಸವನಂತೆ ಮಲಗಿರುತ್ತಿದ್ದ. ಒಬ್ಬರು ಅವನನ್ನು ಎಬ್ಬಿಸಿ ನಿಲ್ಲಿಸಬೇಕು. ಆರನೇ ವಾರಕ್ಕೆ ಮೊದಲ ಸಲ ತಾನೇ ಎದ್ದ. ಮೂರು ತಿಂಗಳು ಅಂದದ್ದು ಮೂರೂವರೆ ಆಯಿತು. ಈಗ ಅಲಾರಂ ಡ್ರಾಯರಿನಲ್ಲಿದೆ.

ಈ ನಡುವೆ ಒಂದು ಬೆಳಗ್ಗೆ, ಪ್ರಾಯಶ್ಚಿತ್ತದ ಭಾಗವಾಗಿ ಕ್ವೀನ್ ಸೈಜಿನ ಹಾಸಿಗೆಯನ್ನು ಒಬ್ಬನೇ ಎತ್ತಿ ಬಿಸಿಲಿಗೆ ಒಯ್ಯುವಾಗ ಮೆಟ್ಟಿಲಲ್ಲಿ ಸೊಂಟ ಹಿಡಿಯಿತು. ನಾನು ಕೆಳಗೆ, ಹಾಸಿಗೆ ಮೇಲೆ. ಅಮ್ಮನೂ ಹೆಂಡತಿಯೂ ಮೊದಲು ಹಾಸಿಗೆಯನ್ನು ಎತ್ತಿ ಬಿಸಿಲಿಗಿಟ್ಟು ಬಂದು ಆಮೇಲೆ ನನ್ನನ್ನು ಎತ್ತಿದರು. ಹೆಂಡತಿಗೆ ಕೂಡಲೆ ನೆನಪಾಯಿತು: ಪ್ಯಾಕೇಜಿನಲ್ಲಿ ಇನ್ನೂ ಹನ್ನೊಂದು ಭೇಟಿ ಬಾಕಿ. ಸೊಂಟನೋವಿಗೆ ಈ ವಿದ್ಯೆಯಿಂದ ಒಂದಿಷ್ಟು ಪ್ರಯೋಜನವಿದೆ. ಅಮೆರಿಕದ ವೈದ್ಯರ ಸಂಘ 2017ರ ತನ್ನ ಸಲಹೆಯಲ್ಲಿ ಬಿಸಿ ಕಾವು, ಮಾಲೀಸಿನ ಜೊತೆ ಇದನ್ನೂ ಹೆಸರಿಸಿತ್ತು. ಅಷ್ಟು ತಿಂಗಳಲ್ಲಿ ಆ ಕ್ಲಿನಿಕ್ಕಿಗೆ ಸರಿಯಾದ ಕಾಯಿಲೆ ತೆಗೆದುಕೊಂಡು ಹೋದವನು ನಾನೇ ಮೊದಲು. "ಲಟಿಕೆ ಡಾಕ್ಟರನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು" ಅಂತ ಅಮ್ಮನೂ ಹೊರಟಳು.

ಕೌಂಟರಿನ ಹುಡುಗಿ ಫಾರಂ ತುಂಬಿಕೊಂಡಳು. "ನೋವು ಹೇಗೆ ಶುರುವಾಯಿತು?"

"ಹಾಸಿಗೆ ಒದ್ದೆಯಾಗಿ" ಎಂದೆ. ಸೊಂಟ ಬಗ್ಗಿದ್ದರಿಂದ ಪೂರ್ತಿ ವಾಕ್ಯಕ್ಕೆ ಉಸಿರಿರಲಿಲ್ಲ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ, ಪೆನ್ನನ್ನು ಮುಂದಿನ ಸಾಲಿಗೆ ಒಯ್ದಳು. "ವಂಶದಲ್ಲಿ ಯಾರಿಗಾದರೂ ಇತ್ತೇ?"

ಹೆಂಡತಿ ಕೈಕಟ್ಟಿ ನಿಂತಿದ್ದಳು.

"ನನಗೇ ಇತ್ತು" ಎಂದೆ, ಪಕ್ಕದ ಪಿಜ್ಜಾ ಅಂಗಡಿಗೂ ಕೇಳುವಷ್ಟು ಜೋರಾಗಿ. "ಏಯ್ತ್ ಸ್ಟ್ಯಾಂಡರ್ಡ್ ತನಕ."

ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಅಂಕಿಗಳು ಬರುತ್ತವೆ.

"ಒಂಬತ್ತು ಕಣೋ" ಎಂದಳು.